ಬೀದಿಗೆ ಬಿದ್ದ ಕುದುರೆಯನ್ನು ಊರವರು ಸೇರಿ ಉಳಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಬಸ್ ಸ್ಟ್ಯಾಂಡಿನ ಹಿಂದೆ, ಸಂತೆ ಮೈದಾನದ ಮೂಲೆಯಲ್ಲಿ, ಕಸದ ರಾಶಿಗೆ ಮೂತಿ ಇಟ್ಟು ನಿಂತ ಬಡಕಲು ಕುದುರೆಯನ್ನು ನೀವೂ ನೋಡಿರುತ್ತೀರಿ. ನೋಡಿದವರಿಗೆ ತಕ್ಷಣ ಅನ್ನಿಸುವುದು ಎರಡು. ಏನಾದರೂ ತಿನ್ನಿಸೋಣ ಅನ್ನುವುದು ಒಂದು. ಇಲ್ಲಿಂದ ಎಲ್ಲಿಗಾದರೂ ಸಾಗಿಸೋಣ ಅನ್ನುವುದು ಇನ್ನೊಂದು. ಎರಡನ್ನೂ ಸ್ವಲ್ಪ ತಡೆಯಿರಿ. ತಿಂಗಳುಗಟ್ಟಲೆ ಹಸಿದ ಕುದುರೆ ಹೊಟ್ಟೆ ತುಂಬ ತಿಂದೇ ಸಾಯಬಹುದು. ಮೇವಿನ ದಾರಿ ನೋಡದೆ ಸಾಗಿಸಿದ ಕುದುರೆ ಎರಡು ತಿಂಗಳಲ್ಲಿ ಮತ್ತೆ ಬೀದಿಗೇ ಬರುತ್ತದೆ.

ಒಂದು ಕುದುರೆ ಚೇತರಿಸಿಕೊಳ್ಳಲು ಮೂರರಿಂದ ಐದು ತಿಂಗಳು ಬೇಕು. ಒಬ್ಬರ ಕೈಯಲ್ಲಿ ಆಗುವ ಕೆಲಸ ಅಲ್ಲ. ಹಗ್ಗ ಹಿಡಿಯುವ ಮೊದಲು ಜನ, ಜಾಗ, ಮೇವು ಮೂರೂ ಸಿದ್ಧವಾಗಿರಬೇಕು. ಇಲ್ಲಿ ಹೇಳಿರುವ ಕ್ರಮವೆಲ್ಲ ಈ ಲೆಕ್ಕದ ಮೇಲೇ ನಿಂತಿದೆ.

ಮೊದಲು ದೂರದಿಂದ ನೋಡಿ, ಬರೆದುಕೊಳ್ಳಿ

ಹತ್ತಿರ ಹೋಗುವ ಅವಸರ ಬೇಡ. ಹಿಂದಿನಿಂದಂತೂ ಹೋಗಲೇಬೇಡಿ. ಎಡ ಭುಜದ ಕಡೆಯಿಂದ, ಮಾತಾಡುತ್ತಾ, ನಿಧಾನವಾಗಿ ಹೋಗಿ.

ಎರಡೂ ಪಕ್ಕದಿಂದ, ಮುಂದಿನಿಂದ, ಹಿಂದಿನಿಂದ ಫೋಟೋ ತೆಗೆಯಿರಿ. ಗೊರಸು, ಗಾಯಗಳನ್ನು ಬೇರೆಯಾಗಿ ತೆಗೆಯಿರಿ. ದಿನಾಂಕ, ಸಮಯ, ಜಾಗ ಬರೆದಿಡಿ. ಮುಂದೆ ಪೊಲೀಸರು ಕೇಳಿದರೂ ಇದೇ ಬೇಕು, ದಾನಿಗಳು ಕೇಳಿದರೂ ಇದೇ ಬೇಕು.

ಎಷ್ಟು ಬಡಕಲಾಗಿದೆ ಅಂತ ಅಳೆಯಲು ಒಂದು ಕ್ರಮವಿದೆ. ಅಮೆರಿಕದ ಹೆನೆಕೆ ಅನ್ನುವವರು 1983ರಲ್ಲಿ ಪ್ರಕಟಿಸಿದ್ದು. 1ರಿಂದ 9ರವರೆಗೆ ಅಂಕ. ಕುತ್ತಿಗೆ, ಹೆಗಲ ಮೇಲಿನ ಉಬ್ಬು, ಭುಜದ ಹಿಂಭಾಗ, ಪಕ್ಕೆಲುಬು, ಬೆನ್ನು, ಬಾಲದ ಬುಡ, ಈ ಆರು ಕಡೆ ಕೈಯಿಂದ ಮುಟ್ಟಿ ನೋಡಬೇಕು. 5 ಅಂದರೆ ಪಕ್ಕೆಲುಬು ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸುಲಭವಾಗಿ ಸಿಗುತ್ತದೆ. 3 ಅಂದರೆ ಪಕ್ಕೆಲುಬು ಎಣಿಸಬಹುದು. 1 ಅಥವಾ 2 ಅಂದರೆ ಬೆನ್ನುಮೂಳೆ, ಸೊಂಟದ ಮೂಳೆ ಎಲ್ಲ ಎದ್ದು ನಿಂತಿರುತ್ತವೆ. ಅಂಥದ್ದಕ್ಕೆ ಅದೇ ದಿನ ಪಶುವೈದ್ಯರು ಬರಬೇಕು.

1962ಕ್ಕೆ ಫೋನ್ ಮಾಡಿದರೆ ಪಶು ಸಂಜೀವಿನಿ ವಾಹನ ಬರುತ್ತದೆ. ಒಂದು ಮಾತು ನೆನಪಿರಲಿ. ನಮ್ಮ ತಾಲ್ಲೂಕುಗಳ ವೈದ್ಯರಿಗೆ ದಿನಾ ಸಿಗುವುದು ಹಸು, ಎಮ್ಮೆ, ಕುರಿ. ಕುದುರೆ ಅಪರೂಪ. ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದ ಪಶುವೈದ್ಯಕೀಯ ಕಾಲೇಜುಗಳಲ್ಲಿ ದೊಡ್ಡ ಪ್ರಾಣಿಗಳನ್ನು ನೋಡುವ ತಜ್ಞರಿರುತ್ತಾರೆ. ಸ್ಥಳೀಯ ಡಾಕ್ಟರಿಂದಲೇ ಅಲ್ಲಿಗೆ ಒಂದು ಫೋನ್ ಮಾಡಿಸಿ. ಅವರು ಬೇಸರ ಮಾಡಿಕೊಳ್ಳುವುದಿಲ್ಲ. ಬೆಂಗಳೂರಿನ ಸುತ್ತಮುತ್ತ ಇರುವವರು ಪ್ರಾಣಿಗಳ ರಕ್ಷಣೆಗೆ 1991ರಿಂದ ಕೆಲಸ ಮಾಡುತ್ತಿರುವ ಕ್ಯೂಪಾ ಸಂಸ್ಥೆಯನ್ನೂ ಕೇಳಿ ನೋಡಬಹುದು.

ಮಾಲೀಕನನ್ನು ಹುಡುಕಿ, ಆದರೆ ಜಗಳಕ್ಕಲ್ಲ

ಕಾಡು ಕುದುರೆ ಅಂತ ನಮ್ಮಲ್ಲಿ ಇಲ್ಲ. ಬೀದಿಯಲ್ಲಿ ನಿಂತ ಕುದುರೆಗೆ ಎಲ್ಲೋ ಒಬ್ಬ ಮಾಲೀಕ ಇದ್ದೇ ಇರುತ್ತಾನೆ. ಜಟಕಾ ಓಡಿಸುವವರು, ಮದುವೆ ಮೆರವಣಿಗೆಗೆ ಕೊಡುವವರು, ಪ್ರವಾಸಿ ತಾಣದಲ್ಲಿ ಮಕ್ಕಳನ್ನು ಕೂರಿಸಿ ಸುತ್ತಿಸುವವರು. ಲಾಳ ಹೊಡೆಯುವವರನ್ನು ಕೇಳಿ. ಊರಿನ ಕುದುರೆಗಳೆಲ್ಲ ಅವರಿಗೆ ಗುರುತು.

ಬಹಳ ಸಲ ಸಿಗುವುದು ಕ್ರೂರಿ ಅಲ್ಲ, ಕೈಸೋತವನು. 2020ರ ಲಾಕ್‌ಡೌನ್‌ನಲ್ಲಿ ಮೈಸೂರು ಅರಮನೆಯ ಸುತ್ತ ಟಾಂಗಾಗಳು ನಿಂತೇ ಹೋದವು. ಪ್ರವಾಸಿಗರಿಲ್ಲ, ಮದುವೆ ಮೆರವಣಿಗೆ ಇಲ್ಲ. ಮನೆಯವರ ಊಟಕ್ಕೇ ಕಷ್ಟವಾದಾಗ ಕುದುರೆಗೆ ಹುರುಳಿ ಎಲ್ಲಿಂದ ತರುವುದು? ಕೆಲವರಿಗೆ ರಾತ್ರಿ ಕಟ್ಟು ಬಿಚ್ಚಿ ಬಿಡುವುದೊಂದೇ ದಾರಿ ಕಾಣುತ್ತದೆ. ಊರಲ್ಲಿ ಮೇದುಕೊಂಡಾದರೂ ಇರಲಿ ಅಂತ.

ಅದಕ್ಕೇ ಮೊದಲ ಭೇಟಿಯಲ್ಲಿ ಕಾನೂನಿನ ಮಾತು ಎತ್ತಬೇಡಿ. "ಏನಣ್ಣಾ, ಕುದುರೆ ಸ್ವಲ್ಪ ಇಳಿದುಹೋಗಿದೆಯಲ್ಲ, ಡಾಕ್ಟರನ್ನ ಕರೆಸೋಣವಾ?" ಅಂತ ಶುರು ಮಾಡಿ. ಮೇವು, ಡಾಕ್ಟರ್, ಲಾಳದ ಖರ್ಚು ಹೊರಗಿನಿಂದ ಸಿಕ್ಕರೆ ಅನೇಕರು ತಾವೇ ಸಾಕುತ್ತಾರೆ. ಕುದುರೆ ತನಗೆ ಗೊತ್ತಿರುವ ಮನುಷ್ಯನ ಹತ್ತಿರವೇ ಉಳಿಯುತ್ತದೆ. ನಿಮಗೆ ಜಾಗ ಹುಡುಕುವ ತಲೆನೋವಿಲ್ಲ. ಖರ್ಚೂ ಅರ್ಧಕ್ಕಿಂತ ಕಮ್ಮಿ. ನನ್ನ ಕೇಳಿದರೆ ಸಮುದಾಯದ ನೆರವಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ಇಲ್ಲ. ಆದರೆ ಇದರಲ್ಲಿ 'ಕಾಪಾಡಿದೆವು' ಅಂತ ಹಾಕಲು ಚೆಂದದ ಫೋಟೋ ಸಿಗುವುದಿಲ್ಲ, ಅದಕ್ಕೇ ಜನ ಇದನ್ನು ಜಾಸ್ತಿ ಮಾಡುವುದಿಲ್ಲ.

ಈ ಕೆಲಸ ಹೊಸದೇನಲ್ಲ. ಮೊದಲನೇ ಮಹಾಯುದ್ಧ ಮುಗಿದಾಗ ಬ್ರಿಟಿಷ್ ಸೇನೆ ಸಾವಿರಾರು ಕುದುರೆಗಳನ್ನು ಈಜಿಪ್ಟಿನಲ್ಲೇ ಮಾರಿ ಹೋಯಿತು. ಅದೇ ರಣರಂಗದಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆಪಡೆ ಕೂಡ ಹೋರಾಡಿತ್ತು. ಹತ್ತು ವರ್ಷದ ಮೇಲೆ ಕೈರೋಗೆ ಬಂದ ಡೊರೊಥಿ ಬ್ರೂಕ್ ಅನ್ನುವ ಬ್ರಿಟಿಷ್ ಮಹಿಳೆ, ಬೀದಿಗಳಲ್ಲಿ ಗಾಡಿ ಎಳೆಯುತ್ತಿದ್ದ ಆ ಮುದಿ ಕುದುರೆಗಳನ್ನು ನೋಡಿ 1931ರಲ್ಲಿ ಇಂಗ್ಲೆಂಡಿನ ಪತ್ರಿಕೆಗೆ ಒಂದು ಕಾಗದ ಬರೆದರು. ಓದುಗರು ಕಳಿಸಿದ ದುಡ್ಡಲ್ಲಿ ಕುದುರೆಗಳನ್ನು ಕೊಂಡರು, 1934ರಲ್ಲಿ ಆಸ್ಪತ್ರೆಯನ್ನೂ ತೆರೆದರು. ಕುದುರೆ ಸಾಕುವ ಬಡವರಿಗೆ ಅಲ್ಲಿ ಚಿಕಿತ್ಸೆ ಉಚಿತ. ಆ ಸಂಸ್ಥೆ ಇವತ್ತೂ ಮಾಲೀಕರ ಜೊತೆಗೇ ಕೆಲಸ ಮಾಡುತ್ತದೆ. ಭಾರತದಲ್ಲೂ ಇದೆ.

ಮಾತಿಗೆ ಬಗ್ಗದಿದ್ದರೆ ಕಾನೂನು

ಹೊಡೆಯುವವರು, ಗಾಯದ ಮೇಲೇ ಜೀನು ಬಿಗಿಯುವವರು ಸಿಕ್ಕರೆ ಸುಮ್ನೆ ಬಿಡಬೇಡಿ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಮೇವು, ನೀರು, ನೆರಳು ಕೊಡದಿರುವುದು ಅಪರಾಧ. ಹಸಿವೆಯಿಂದ ನರಳುವಂತೆ ಬಿಟ್ಟುಹೋಗುವುದೂ ಅಪರಾಧ. ದಂಡ ಮಾತ್ರ ಮೊದಲ ಸಲ 10ರಿಂದ 50 ರೂಪಾಯಿ! 1960ರ ಲೆಕ್ಕ ಅದು. ಆದರೆ ಪ್ರಾಣಿಯನ್ನು ಕೊಂದರೆ, ಅಂಗ ಊನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಅಡಿ ಐದು ವರ್ಷದವರೆಗೆ ಜೈಲು.

ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳಿಗೆ 1965ರ ನಿಯಮಗಳಿವೆ. ದಿನಕ್ಕೆ ಒಟ್ಟು 9 ಗಂಟೆಗಿಂತ ಜಾಸ್ತಿ ದುಡಿಸಬಾರದು. ಬಿಡುವಿಲ್ಲದೆ 5 ಗಂಟೆ ಮೀರಬಾರದು. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಕೆಲಸವೇ ಇಲ್ಲ. ಮುಳ್ಳಿರುವ ಕಡಿವಾಣ ಹಾಕುವಂತಿಲ್ಲ. ಏಪ್ರಿಲ್‌ನಲ್ಲಿ ಕಲಬುರಗಿ, ರಾಯಚೂರಿನವರು ಈ ನಿಯಮವನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳಿ.

ದೂರನ್ನು ಠಾಣೆಯಲ್ಲಿ ಬರವಣಿಗೆಯಲ್ಲೇ ಕೊಡಿ, ಸ್ವೀಕೃತಿ ಪಡೆಯಿರಿ. ಒಂದು ಪ್ರತಿ ಜಿಲ್ಲಾ ಪ್ರಾಣಿ ದಯಾ ಸಂಘಕ್ಕೆ. ಎಷ್ಟೇ ಸಿಟ್ಟು ಬಂದರೂ ನೀವೇ ಕುದುರೆ ಬಿಚ್ಚಿಕೊಂಡು ಹೋಗಬೇಡಿ. ಅದು ಕಳ್ಳತನವಾಗುತ್ತದೆ, ಕೇಸು ನಿಮ್ಮ ಮೇಲೇ ತಿರುಗುತ್ತದೆ. ಮಾಲೀಕ ಮನಸ್ಸಿನಿಂದ ಕೊಟ್ಟರೆ, ಬರೆಸಿಕೊಂಡು ಸಹಿ ಹಾಕಿಸಿಕೊಳ್ಳಿ. ಇಬ್ಬರು ಸಾಕ್ಷಿ ಇರಲಿ. ಕುದುರೆಯ ಬಣ್ಣ, ಹಣೆಯ ಗುರುತು, ಕಾಲಿನ ಬಿಳಿ ಎಲ್ಲ ಅದರಲ್ಲಿ ಬರಬೇಕು. ದುಡ್ಡು ಕೊಟ್ಟು ಕೊಂಡುಕೊಳ್ಳುವುದನ್ನು ಆದಷ್ಟು ತಪ್ಪಿಸಿ. ಆ ದುಡ್ಡಲ್ಲಿ ಇನ್ನೊಂದು ಬಡಕಲು ಕುದುರೆ ಬರುವುದು ಅಪರೂಪವೇನಲ್ಲ.

ಜನ ಕಟ್ಟುವುದು

ವಾಟ್ಸಾಪ್ ಗುಂಪು ಮಾಡುವುದು ಸುಲಭ. ಇನ್ನೂರು ಜನ ಸೇರುತ್ತಾರೆ, ಕೈ ಮುಗಿಯುವ ಚಿತ್ರ ಹಾಕುತ್ತಾರೆ. ನಿಮಗೆ ಬೇಕಾಗಿರುವುದು ಎಂಟು ಹತ್ತು ಜನ, ಒಬ್ಬೊಬ್ಬರಿಗೆ ಒಂದೊಂದು ಕೆಲಸ. ಮೇವು ತರುವವರು, ಡಾಕ್ಟರ ಜೊತೆ ಮಾತಾಡುವವರು, ಲೆಕ್ಕ ಬರೆಯುವವರು, ಪಾಳಿಯಲ್ಲಿ ತಿನ್ನಿಸುವವರು. ಕುದುರೆ ಪಳಗಿಸಿ ಗೊತ್ತಿರುವ ಒಬ್ಬರಂತೂ ಬೇಕೇ ಬೇಕು. ಹಳೆಯ ಜಟಕಾದವರನ್ನು ಕೇಳಿ ನೋಡಿ, ಖುಷಿಯಿಂದ ಬರುತ್ತಾರೆ. ಅವರಿಗೆ ಕೂಲಿ ಕೊಡಿ. ಸೇವೆ ಅಂತ ಹೇಳಿ ಬಡವರ ದಿನದ ದುಡಿಮೆ ಕಿತ್ತುಕೊಳ್ಳಬಾರದು.

ದುಡ್ಡಿಗಿಂತ ಹುಲ್ಲು ಕೇಳಿ. ಹಳ್ಳಿ ಕಡೆ ಹಾಲಿನ ಡೈರಿಗೆ ಬೆಳಿಗ್ಗೆ ಸಂಜೆ ಊರೇ ಬರುತ್ತದೆ. ಅಲ್ಲಿ ಒಂದು ಚೀಟಿ ಅಂಟಿಸಿ: "ವಾರಕ್ಕೆ ಒಂದು ಕಟ್ಟು ಕುದುರೆ ಮಸಾಲೆ (ಲೂಸರ್ನ್) ಸೊಪ್ಪು ಕೊಡುವವರು ಹೆಸರು ಬರೆಯಿರಿ." ಸಾವಿರ ರೂಪಾಯಿ ಕೇಳಿದರೆ ಹಿಂದೆ ಮುಂದೆ ನೋಡುವವರು ಒಂದು ಕಟ್ಟು ಸೊಪ್ಪಿಗೆ ಇಲ್ಲ ಅನ್ನುವುದಿಲ್ಲ. ಬದಲಿಗೆ ಲದ್ದಿ ಗೊಬ್ಬರ ಕೊಡಿ.

ಎಷ್ಟು ಬೇಕು ಅಂತ ಮೊದಲೇ ಲೆಕ್ಕ ಹಾಕಿ. ಟೈಲರ್ ಟೇಪಿನಲ್ಲಿ ಮುಂಗಾಲ ಹಿಂದೆ ಎದೆಯ ಸುತ್ತಳತೆ ತೆಗೆಯಿರಿ. ಭುಜದ ತುದಿಯಿಂದ ಪೃಷ್ಠದ ತುದಿಯವರೆಗೆ ಉದ್ದ ತೆಗೆಯಿರಿ. ಎರಡೂ ಸೆಂಟಿಮೀಟರಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ತೂಕ ಸಿಗುತ್ತದೆ. ಸುತ್ತಳತೆ 140, ಉದ್ದ 150 ಇದ್ದರೆ ಸುಮಾರು 247 ಕಿಲೋ. ಚೇತರಿಸಿಕೊಂಡ ಕುದುರೆಗೆ ದಿನಕ್ಕೆ ತೂಕದ ನೂರಕ್ಕೆ ಎರಡು ಪಾಲು ಒಣಮೇವು ಬೇಕು. ಅಂದರೆ ಇದಕ್ಕೆ 5 ಕಿಲೋ, ತಿಂಗಳಿಗೆ 150 ಕಿಲೋ. ಹಸಿ ಸೊಪ್ಪಾದರೆ ನಾಲ್ಕರಿಂದ ಐದು ಪಟ್ಟು.

ದುಡ್ಡು ಬಂದರೆ ಯಾರ ಸ್ವಂತ ಫೋನ್‌ಪೇಗೂ ಹಾಕಿಸಬೇಡಿ. ಜಂಟಿ ಖಾತೆ, ಇಬ್ಬರ ಸಹಿ. ವಾರಕ್ಕೊಮ್ಮೆ ಬಂದಿದ್ದು ಹೋಗಿದ್ದು ಗುಂಪಿಗೆ ಹಾಕಿ, ಬಿಲ್ಲಿನ ಫೋಟೋ ಸಮೇತ. ಇಂಥ ಗುಂಪುಗಳು ಒಡೆಯುವುದು ಕುದುರೆ ಸತ್ತಾಗಲ್ಲ, ಲೆಕ್ಕ ತಪ್ಪಿದಾಗ. ಇನ್ನು, ಕುದುರೆ ಕಪ್ಪಾಗಿದ್ದರೆ ಶನಿಕಾಟಕ್ಕೆ ಲಾಳ ಕೇಳಿಕೊಂಡು ಜನ ಬಂದೇ ಬರುತ್ತಾರೆ. ಕಿತ್ತು ಹಾಕಿದ ಹಳೇ ಲಾಳ ಇದ್ದರೆ ಕೊಡಿ, ಒಂದು ತಿಂಗಳ ಹುಲ್ಲಿಗೆ!

ಜಾಗ ಮತ್ತು ಸಾಗಣೆ

ದೊಡ್ಡ ಲಾಯ ಬೇಕಾಗಿಲ್ಲ. ಹನ್ನೆರಡು ಅಡಿ ಉದ್ದ, ಹನ್ನೆರಡು ಅಡಿ ಅಗಲದ, ಗಾಳಿಯಾಡುವ, ನೀರು ನಿಲ್ಲದ ಕೊಟ್ಟಿಗೆ ಸಾಕು. ನೆಲಕ್ಕೆ ದಪ್ಪಗೆ ಹುಲ್ಲು ಹಾಸಿ. ಮುಳ್ಳುತಂತಿ ಇರುವ ಜಾಗ ಬೇಡವೇ ಬೇಡ. ಬೇರೆ ಕುದುರೆ, ಕತ್ತೆ ಇರುವ ಕಡೆ ಮೊದಲ ಒಂದು ತಿಂಗಳು ಒಯ್ಯಬೇಡಿ.

ಸಾಗಿಸುವ ಮೊದಲು ವೈದ್ಯರ ಪ್ರಮಾಣಪತ್ರ ಬೇಕು. ಪ್ರಯಾಣಕ್ಕೆ ತಾಕತ್ತಿದೆ, ಅಂಟುರೋಗ ಇಲ್ಲ ಅಂತ. ಇದು 1978ರ ಸಾಗಣೆ ನಿಯಮ. ಟೆಂಪೋ ನೆಲಕ್ಕೆ ಮರಳು ಅಥವಾ ಹುಲ್ಲು ಹಾಕಿ, ಜಾರಬಾರದು. ಹತ್ತಿಸಲು ಹಲಗೆ ಬೇಡ, ಮಣ್ಣಿನ ದಿಬ್ಬಕ್ಕೆ ಗಾಡಿಯ ಹಿಂಭಾಗ ತಾಗಿಸಿ ನಿಲ್ಲಿಸಿದರೆ ಎಷ್ಟೋ ಸಲೀಸು. ಬೆಳಿಗ್ಗೆ ಅಥವಾ ರಾತ್ರಿ ಹೊರಡಿ. ತಾನಾಗಿ ನಿಲ್ಲಲಾಗದ ಕುದುರೆಯನ್ನು ಸಾಗಿಸಬೇಡಿ, ಚಿಕಿತ್ಸೆ ಅಲ್ಲೇ ಆಗಲಿ. ಮಲಗಿದ್ದರೆ ನೆರಳು ಮಾಡಿ. ಎದೆಯನ್ನು ನೆಲಕ್ಕೆ ಊರಿ ಕೂತ ಹಾಗೆ ಇರಲು ಪಕ್ಕಕ್ಕೆ ಹುಲ್ಲಿನ ಮೂಟೆ ಆನಿಸಿ. ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಬೆನ್ನಿನ ಕಡೆ ನಿಂತು ಕೆಲಸ ಮಾಡಿ, ಕಾಲುಗಳ ಕಡೆ ಅಲ್ಲ.

ಮೊದಲ ಹತ್ತು ದಿನ

ಇಲ್ಲಿ ನಿಧಾನವಾಗಿ ಓದಿ. ಕುದುರೆ ಉಳಿಯುವುದೋ ಹೋಗುವುದೋ ಇಲ್ಲೇ ತೀರ್ಮಾನ.

ಹಸಿದ ದೇಹ ತನ್ನ ಕೊಬ್ಬು, ಮಾಂಸಖಂಡ ಕರಗಿಸಿಕೊಂಡು ಬದುಕುತ್ತಿರುತ್ತದೆ. ರಕ್ತದ ರಂಜಕ, ಮೆಗ್ನೀಸಿಯಂ, ಪೊಟ್ಯಾಸಿಯಂ ದಾಸ್ತಾನು ಬರಿದಾಗಿರುತ್ತದೆ. ಅಂಥ ಹೊತ್ತಲ್ಲಿ ಬೂಸಾ, ಹುರುಳಿ, ಬೆಲ್ಲ, ಅನ್ನ ಹೊಟ್ಟೆಗೆ ಬಿದ್ದರೆ ಇನ್ಸುಲಿನ್ ಒಮ್ಮೆಲೆ ಏರುತ್ತದೆ. ಸಕ್ಕರೆಯ ಜೊತೆ ಉಳಿದಿದ್ದ ಖನಿಜವೂ ರಕ್ತದಿಂದ ಜೀವಕೋಶಕ್ಕೆ ಹೋಗಿಬಿಡುತ್ತದೆ. ಹೃದಯ, ಉಸಿರಾಟ ಸೋಲುತ್ತವೆ. ಕುದುರೆ ಚೆನ್ನಾಗಿ ತಿಂತಾ ಇತ್ತು, ನಾಲ್ಕನೇ ದಿನ ಬಿದ್ದು ಸತ್ತಿತು ಅಂತ ಹೇಳುವವರ ಕಥೆ ಬಹುಪಾಲು ಇದೇ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನವರು ಬೇರೆ ಬೇರೆ ಮೇವು ಹೋಲಿಸಿ ನೋಡಿದರು. ಗೆದ್ದಿದ್ದು ನಮ್ಮ ಕುದುರೆ ಮಸಾಲೆ, ಅಂದರೆ ಲೂಸರ್ನ್. ಪಿಷ್ಟ ಕಮ್ಮಿ, ಪ್ರೋಟೀನ್ ಮತ್ತು ಖನಿಜ ಜಾಸ್ತಿ. ಅವರ ಕ್ರಮ 450 ಕಿಲೋ ಕುದುರೆಗೆ ಹೀಗಿದೆ. ಮೊದಲ ಮೂರು ದಿನ ನಾಲ್ಕು ಗಂಟೆಗೊಮ್ಮೆ 450 ಗ್ರಾಂ ಒಣಗಿದ ಲೂಸರ್ನ್. ದಿನಕ್ಕೆ ಆರು ಸಲ, ಹಗಲೂ ರಾತ್ರಿ. ನಾಲ್ಕನೇ ದಿನದಿಂದ ಪ್ರಮಾಣ ನಿಧಾನವಾಗಿ ಏರಿಸಿ, ಸಲ ಕಮ್ಮಿ ಮಾಡುತ್ತಾ ಬರುವುದು. ಆರನೇ ದಿನದ ಹೊತ್ತಿಗೆ ದಿನಕ್ಕೆ ಸುಮಾರು 6 ಕಿಲೋ, ಮೂರು ಪಾಲಿನಲ್ಲಿ. ಹತ್ತು ದಿನ ಕಳೆದ ಮೇಲೆ ತಿನ್ನುವಷ್ಟು.

ನಮ್ಮ ಜಟಕಾ ಕುದುರೆ, ತಟ್ಟುಗಳು ಇದರ ಅರ್ಧ ತೂಕ. ಹಾಗಾಗಿ ಸಲಕ್ಕೆ 250 ಗ್ರಾಂ ಸಾಕು. ಒಣಗಿದ್ದು ಸಿಗದಿದ್ದರೆ ಹಸಿ ಸೊಪ್ಪನ್ನು ನೆರಳಲ್ಲಿ ಬಾಡಿಸಿ ಕೊಡಿ. 250 ಗ್ರಾಂ ಒಣಸೊಪ್ಪಿಗೆ ಹಸಿಯದು ಒಂದು ಕಿಲೋ ಚಿಲ್ಲರೆ. ಡಾಕ್ಟರಿಗೆ ಈ ಲೆಕ್ಕ ತೋರಿಸಿ ಒಪ್ಪಿಗೆ ಪಡೆಯಿರಿ. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10, ಮತ್ತೆ 2. ಆ ರಾತ್ರಿ ಎರಡರ ಪಾಳಿಗೆ ಯಾರು ಬರುತ್ತಾರೆ ಅನ್ನುವುದು ಮೊದಲೇ ಬರೆದಿರಬೇಕು. ಕಾಲೇಜು ಹುಡುಗರು ಒಳ್ಳೆಯ ಆಯ್ಕೆ, ಹೇಗೂ ಎದ್ದೇ ಇರುತ್ತಾರೆ.

ನೀರು ಶುದ್ಧವಾಗಿ ಸದಾ ಇರಲಿ. ತೀರಾ ಬಾಯಾರಿದ್ದರೆ ಮೊದಲು ಅರ್ಧ ಬಕೆಟ್, ಇಪ್ಪತ್ತು ನಿಮಿಷ ಬಿಟ್ಟು ಮತ್ತರ್ಧ. ಹಸುವಿಗೆ ಹಾಕುವ ಹಾಗೆ ಗೊಟ್ಟದಲ್ಲಿ ಏನನ್ನೂ ಸುರಿಯಬೇಡಿ. ಶ್ವಾಸಕೋಶಕ್ಕೆ ಹೋಗುತ್ತದೆ.

ಗೇಟಿಗೆ ದೊಡ್ಡ ಅಕ್ಷರದ ಬೋರ್ಡ್ ಹಾಕಿ: ಬಿಸ್ಕತ್ತು, ಬನ್ನು, ಬಾಳೆಹಣ್ಣು, ಪ್ರಸಾದ ತಿನ್ನಿಸಬೇಡಿ. ಮದುವೆ ಮನೆಯ ಉಳಿದ ಅನ್ನ ತರುವವರನ್ನು ನಯವಾಗಿ ವಾಪಸ್ ಕಳಿಸಿ. ಸಿಟ್ಟಾಗುತ್ತಾರೆ, ಆಗಲಿ.

ದಿನಕ್ಕೆ ಎರಡು ಸಲ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮೈ ಬಿಸಿ: ಸಾಮಾನ್ಯವಾಗಿ 37.5ರಿಂದ 38.5 ಡಿಗ್ರಿ. ನಾಡಿ ನಿಮಿಷಕ್ಕೆ 28ರಿಂದ 44. ಉಸಿರು 8ರಿಂದ 16. ಒಸಡು ತಿಳಿಗುಲಾಬಿ ಇರಬೇಕು, ಬೆರಳಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನಲ್ಲಿ ಬಣ್ಣ ಮರಳಬೇಕು. ಲದ್ದಿ ಎಷ್ಟು ಸಲ ಹಾಕಿತು ಅನ್ನುವುದು ಎಲ್ಲಕ್ಕಿಂತ ಮುಖ್ಯ. ಲದ್ದಿ ನಿಂತು, ಕಾಲಲ್ಲಿ ನೆಲ ಕೆರೆಯುತ್ತಾ, ಹೊಟ್ಟೆಯ ಕಡೆ ತಿರುಗಿ ತಿರುಗಿ ನೋಡಿದರೆ, ಉರುಳಾಡಿದರೆ ಅದು ಹೊಟ್ಟೆಶೂಲೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಬೆಳಗಾಗಲಿ ಅಂತ ಕಾಯಬೇಡಿ. ಮೇವು ತೆಗೆದುಬಿಟ್ಟು ಡಾಕ್ಟರಿಗೆ ಫೋನ್ ಮಾಡಿ.

ಹತ್ತು ದಿನ ದಾಟಿದ ಮೇಲೆ

ರೋಡ್ಸ್ ಹುಲ್ಲು, ಗರಿಕೆ, ರಾಗಿಹುಲ್ಲು ನಿಧಾನವಾಗಿ ಸೇರಿಸಿ. ನೇಪಿಯರ್ ಮತ್ತು ಭತ್ತದ ಹುಲ್ಲನ್ನೇ ನಂಬಿಕೊಳ್ಳಬೇಡಿ. ಅವುಗಳಲ್ಲಿರುವ ಆಕ್ಸಲೇಟ್ ಅನ್ನುವ ಅಂಶ ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡು ಕುದುರೆಯ ಮೂಳೆ ಟೊಳ್ಳಾಗುತ್ತದೆ. ಗೋಧಿ ಬೂಸಾ ಜಾಸ್ತಿಯಾದರೂ ಇದೇ ತೊಂದರೆ. ಹುರುಳಿ ಇನ್ನೂ ಕೆಲವು ವಾರ ಬಿಟ್ಟು, ನೆನೆಸಿ, ಒಂದು ಹಿಡಿಯಿಂದ ಶುರು ಮಾಡಿ. ಕೋಳಿ ಆಹಾರ, ದನದ ಹಿಂಡಿಯಿಂದ ದೂರ ಇರಲಿ. ಕೆಲವದರಲ್ಲಿ ಸೇರಿಸುವ ಮೊನೆನ್ಸಿನ್ ಅನ್ನುವ ಔಷಧಿ ಕುದುರೆಗೆ ವಿಷ. ಹಾಗೆಯೇ ದನದ ಉಣ್ಣೆಗೆ ಹಚ್ಚುವ ಅಮಿಟ್ರಾಜ್ ಕುದುರೆಗೆ ಹಚ್ಚಬೇಡಿ, ಕರುಳಿನ ಚಲನೆ ನಿಲ್ಲುತ್ತದೆ.

ಜಂತುಹುಳುವಿನ ಔಷಧಿ ಬಂದ ದಿನವೇ ಬೇಡ. ತೀರಾ ಸೊರಗಿದ ಕುದುರೆಯಲ್ಲಿ ಹುಳುಗಳೆಲ್ಲ ಒಟ್ಟಿಗೆ ಸತ್ತರೆ ಕರುಳಿಗೇ ಕಷ್ಟ. ಲದ್ದಿ ಪರೀಕ್ಷೆ ಮಾಡಿಸಿ, ಡಾಕ್ಟರ್ ಹೇಳಿದ ದಿನ ಕೊಡಿ. ಧನುರ್ವಾಯು ಚುಚ್ಚುಮದ್ದು ಮಾತ್ರ ತಡ ಮಾಡಬೇಡಿ. ಕುದುರೆಯಷ್ಟು ಬೇಗ ಧನುರ್ವಾಯು ತಗಲುವ ಸಾಕುಪ್ರಾಣಿ ಇನ್ನೊಂದಿಲ್ಲ. ನಾಯಿ ಕಚ್ಚಿದ ಗುರುತಿದ್ದರೆ, ಜೊಲ್ಲು ಸುರಿಸುತ್ತಾ ನುಂಗಲು ಕಷ್ಟಪಡುತ್ತಿದ್ದರೆ ಬಾಯಿಗೆ ಕೈ ಹಾಕಬೇಡಿ, ರೇಬೀಸ್ ಇರಬಹುದು.

ಜೀನು ಉಜ್ಜಿದ ಗಾಯಕ್ಕೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ 9 ಗ್ರಾಂ ಉಪ್ಪು ಹಾಕಿ ತೊಳೆಯಿರಿ. ಫಿನಾಯಿಲ್, ಸೀಮೆಎಣ್ಣೆ ಮುಟ್ಟಬೇಡಿ. ಹುಳು ಬಿದ್ದಿದ್ದರೆ ಡಾಕ್ಟರೇ ತೆಗೆಯಲಿ.

ಗೊರಸು ಚಪ್ಪಲಿಯ ಹಾಗೆ ಮುಂದಕ್ಕೆ ಬೆಳೆದು ಬಾಗಿದ್ದರೆ ಒಂದೇ ದಿನ ಸರಿ ಮಾಡಲು ಹೋಗಬಾರದು. ಸ್ವಲ್ಪ ಸ್ವಲ್ಪ ಕತ್ತರಿಸಿ ಕೆಲವು ಸುತ್ತಿನಲ್ಲಿ ಸರಿಮಾಡಬೇಕು, ಇಲ್ಲದಿದ್ದರೆ ಕಾಲಿನ ಸ್ನಾಯುರಜ್ಜುಗಳಿಗೆ ಪೆಟ್ಟು. ಆಮೇಲೆ ಆರರಿಂದ ಎಂಟು ವಾರಕ್ಕೊಮ್ಮೆ. ದುಡಿಮೆ ಇಲ್ಲದ ಕುದುರೆಗೆ ಲಾಳ ಬೇಡ. ಅರ್ಧ ಅಗಿದ ಹುಲ್ಲಿನ ಉಂಡೆ ನೆಲಕ್ಕೆ ಬೀಳುತ್ತಿದ್ದರೆ ಹಲ್ಲು ಚೂಪಾಗಿದೆ ಅಂತ ಅರ್ಥ. ಡಾಕ್ಟರ್ ಅರದಿಂದ ಉಜ್ಜಿ ಸರಿಮಾಡುತ್ತಾರೆ. ಎಷ್ಟು ತಿಂದರೂ ಮೈ ಹತ್ತದ ಮುದಿ ಕುದುರೆಗಳಲ್ಲಿ ಮೊದಲು ಇದನ್ನೇ ನೋಡಬೇಕು.

ಗ್ಲ್ಯಾಂಡರ್ಸ್ ಬಗ್ಗೆ ಎಚ್ಚರ

ಇದು ಕುದುರೆಯಿಂದ ಮನುಷ್ಯರಿಗೂ ಬರುವ ರೋಗ. ಮೂಗಿನಿಂದ ಕೀವು, ಕಾಲಿನ ಒಳಭಾಗದಲ್ಲಿ ಸಾಲಾಗಿ ಒಡೆಯುವ ಗಂಟು ಕಂಡರೆ ಕೈಗವಸು, ಮಾಸ್ಕ್ ಇಲ್ಲದೆ ಹತ್ತಿರ ಹೋಗಬೇಡಿ. ಮಕ್ಕಳನ್ನು ಬಿಡಬೇಡಿ. ಬಕೆಟ್, ಹಗ್ಗ, ಬ್ರಷ್ ಎಲ್ಲ ಬೇರೆಯೇ ಇರಲಿ. ಯಾವ ಲಕ್ಷಣ ಇಲ್ಲದಿದ್ದರೂ ಬಂದ ಹೊಸದರಲ್ಲಿ ರಕ್ತ ಪರೀಕ್ಷೆಗೆ ಕೊಡಿ. ಖಚಿತ ಪರೀಕ್ಷೆ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ಆಗುತ್ತದೆ, ಇಲಾಖೆಯವರೇ ಕಳಿಸುತ್ತಾರೆ. ರೋಗ ಇದೆ ಅಂತ ಬಂದರೆ ಚಿಕಿತ್ಸೆ ಇಲ್ಲ. 2009ರ ಪ್ರಾಣಿಗಳ ಅಂಟುರೋಗ ತಡೆ ಕಾಯ್ದೆಯಡಿ ಕುದುರೆಯನ್ನು ನೋವಿಲ್ಲದೆ ಕೊನೆಗಾಣಿಸುತ್ತಾರೆ, ಸುತ್ತಲಿನ ಕುದುರೆಗಳ ಓಡಾಟ ನಿಲ್ಲಿಸುತ್ತಾರೆ. ಮುಚ್ಚಿಡಬೇಡಿ.

ಮುಂದೆ ಎಲ್ಲಿಗೆ?

ಈ ಪ್ರಶ್ನೆಯನ್ನು ಮೂರನೇ ತಿಂಗಳಲ್ಲಲ್ಲ, ಮೊದಲ ವಾರದಲ್ಲೇ ಕೇಳಿಕೊಳ್ಳಿ. ಬಾಂಬೆ ಹೈಕೋರ್ಟ್ 2015ರಲ್ಲಿ ಮುಂಬೈಯ ವಿಕ್ಟೋರಿಯಾ ಕುದುರೆಗಾಡಿಗಳು ಕಾನೂನುಬಾಹಿರ ಅಂತ ಹೇಳಿ, ನಿಲ್ಲಿಸಲು ಒಂದು ವರ್ಷ ಕೊಟ್ಟಿತು. ಜೊತೆಗೇ ಗಾಡಿಯವರ ಮತ್ತು ಕುದುರೆಗಳ ಮುಂದಿನ ದಾರಿಯ ಪ್ರಶ್ನೆ ಎದ್ದಿತು. ಒಂದು ಕುದುರೆಯ ವಿಷಯದಲ್ಲೂ ಅಷ್ಟೇ.

ಮಾಲೀಕ ಬದಲಾಗಿದ್ದಾನೆ, ಇಷ್ಟು ದಿನ ಬಂದು ಪಾಳಿ ಮಾಡಿದ್ದಾನೆ ಅಂದರೆ ಅವನಿಗೇ ವಾಪಸ್ ಕೊಡುವುದರಲ್ಲಿ ತಪ್ಪಿಲ್ಲ. ಇಲ್ಲದಿದ್ದರೆ ತೋಟ ಇರುವವರು, ಕುದುರೆ ಸಾಕಿ ಗೊತ್ತಿರುವವರು. ಕುದುರೆ ಒಂಟಿಯಾಗಿ ಬಾಳುವ ಪ್ರಾಣಿ ಅಲ್ಲ. ಇನ್ನೊಂದು ಕುದುರೆಯೋ ಕತ್ತೆಯೋ ಕೊನೆಗೆ ಒಂದು ಹಸುವೋ ಜೊತೆಗಿರುವ ಮನೆ ನೋಡಿ. ಮಗನ ಹುಟ್ಟುಹಬ್ಬಕ್ಕೆ ಕೊಡಿಸುತ್ತೇನೆ ಅನ್ನುವವರಿಗೆ ಸೈಕಲ್ ಅಂಗಡಿ ತೋರಿಸಿ.

ಕೊಡುವಾಗ ಒಪ್ಪಂದ ಬರೆದುಕೊಳ್ಳಿ. ಮಾರುವಂತಿಲ್ಲ, ಗಾಡಿಗೆ ಕಟ್ಟುವಂತಿಲ್ಲ, ಮರಿ ಹಾಕಿಸುವಂತಿಲ್ಲ, ಸಾಕಲು ಆಗದಿದ್ದರೆ ಗುಂಪಿಗೇ ವಾಪಸ್. ಗಂಡಾದರೆ ಕೊಡುವ ಮೊದಲೇ ಬೀಜ ತೆಗೆಸಿ. ಮೊದಲ ವರ್ಷ ತಿಂಗಳಿಗೊಮ್ಮೆ ಒಬ್ಬರು ಹೋಗಿ ಟೇಪ್ ಹಿಡಿದು ಅಳೆದು, ಅದೇ ನೋಟ್‌ಬುಕ್ಕಿನಲ್ಲಿ ಬರೆದು ಬರಲಿ. ತೂಕ ಸತತ ಎರಡು ತಿಂಗಳು ಇಳಿದರೆ ಡಾಕ್ಟರನ್ನು ಕರೆದುಕೊಂಡು ಹೋಗಿ. ಹಲ್ಲೋ, ಹುಳುವೋ, ಮೇವಿನ ಕೊರತೆಯೋ ಅಂತ ನೋಡಿಸಿ. ಕಾರಣ ಮೇವೇ ಆಗಿದ್ದರೆ ಒಪ್ಪಂದದ ಪ್ರಕಾರ ವಾಪಸ್ ತನ್ನಿ.